ಬಿಸಿಯಾದ ಮೇಲೆ ನಿಂತ ಮೋಟಾರು

2023ರ ಮಳೆಗಾಲದಲ್ಲಿ ನಾನು ದೆಹಲಿಯ ಒಂದು ಸರ್ಕಾರಿ ಇಲಾಖೆಯ ದೋಣಿ ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದೆ. ಯಮುನೆಯ ದಡದಲ್ಲಿ ಒಂದು ತಗಡಿನ ಶೆಡ್ಡು, ಅದರೊಳಗೆ ಹನ್ನೊಂದು ಔಟ್‌ಬೋರ್ಡ್ ಮೋಟಾರು. ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸುವ ಎಂಜಿನ್ನಿಗೆ ಔಟ್‌ಬೋರ್ಡ್ ಎನ್ನುತ್ತಾರೆ. ನಾನು ತುಮಕೂರಿನಲ್ಲಿ ಐಟಿಐ ಮುಗಿಸಿ ಬಂದವನು. ರಿಪೇರಿಯ ವಿವರ ಬರೆಯುವ ಜಾಬ್ ಕಾರ್ಡ್ ಬಿಟ್ಟರೆ ಬೇರೇನೂ ಬರೆದು ಅಭ್ಯಾಸವಿಲ್ಲ. ಆ ವರ್ಷ ಬರೆದ ಒಂದು ಜಾಬ್ ಕಾರ್ಡಿನ ವಿಷಯವನ್ನೇ ಈಗ ಹೇಳಬೇಕಾಗಿದೆ.

ಶೆಡ್ಡಿನಲ್ಲಿ ಕನ್ನಡದವರು ಇಬ್ಬರೇ. ನಾನು, ಮತ್ತು ದೋಣಿ ನಡೆಸುತ್ತಿದ್ದ ಗಣಪತಿ ತಾಂಡೇಲ. ಅವನು ಅಂಕೋಲಾ ಕಡೆಯವನು, ನನಗಿಂತ ಎರಡು ವರ್ಷ ದೊಡ್ಡವನು. ಹತ್ತೊಂಬತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ಸರೋಜಿನಿ ನಗರದಲ್ಲಿ ನಮ್ಮ ಕ್ವಾರ್ಟರ್ಸಿಗೂ ಅವರ ಕ್ವಾರ್ಟರ್ಸಿಗೂ ನಡುವೆ ಎರಡು ಸಾಲು ಮನೆ. ಅವನ ಹೆಂಡತಿ ತಾರಕ್ಕ ಸೌತೆಕಾಯಿ ಹಾಕಿ ಸಾರು ಮಾಡಿದ ದಿನ ನಮ್ಮ ಮನೆಗೂ ಒಂದು ಡಬ್ಬಿ ಬರುತ್ತಿತ್ತು.

ಜೂನ್ ಕೊನೆಯಲ್ಲಿ ಗಣಪಣ್ಣ ಏಳನೇ ನಂಬರಿನ ಮೋಟಾರನ್ನು ಶೆಡ್ಡಿಗೆ ತಂದ. ಇಪ್ಪತ್ತೈದು ಹಾರ್ಸ್‌ಪವರಿನ ಟೂ ಸ್ಟ್ರೋಕ್ ಎಂಜಿನ್. ಅದಕ್ಕೆ ಆಗಲೇ ಇಪ್ಪತ್ತು ವರ್ಷ ದಾಟಿತ್ತು.

"ಶಿವಣ್ಣ, ಇವಳಿಗೆ ಎಂತದೋ ಆಗಿದೆ ಮಾರಾಯ. ತಣ್ಣಗಿರುವಾಗ ಒಂದೇ ಎಳೆತಕ್ಕೆ ಏಳ್ತಾಳೆ. ಬಿಸಿಯಾದ ಮೇಲೆ ಉಸಿರು ಕಟ್ತದೆ."

"ವಯಸ್ಸಾಯ್ತಲ್ಲ ಗಣಪಣ್ಣ. ನಿಂಗೆ ಮೆಟ್ರೋ ಮೆಟ್ಲು ಹತ್ತುವಾಗ ಕಟ್ಟಲ್ವಾ ಉಸಿರು?"

"ನಂದು ಬಿಡು. ನಾ ನಿಂತ್ರೆ ರೇಲಿಂಗ್ ಹಿಡ್ಕೊಳ್ತೆ. ಇವಳು ನಿಂತ್ರೆ ಎಂತ ಹಿಡ್ಕೊಳ್ಳೂದು?"

ಇಬ್ಬರೂ ನಕ್ಕೆವು. ನಾನು ಪ್ಲಗ್ ಎರಡನ್ನೂ ಬದಲಿಸಿದೆ, ವೈರುಗಳ ತುದಿ ಉಜ್ಜಿದೆ, ಕಿಡಿ ನೋಡಿದೆ. ನೀಲಿ ಬಣ್ಣದ ಒಳ್ಳೆಯ ಕಿಡಿ. ಆಮೇಲೆ ಡ್ರಮ್ ಟೆಸ್ಟ್. ಇನ್ನೂರು ಲೀಟರಿನ ಡ್ರಮ್ಮಿಗೆ ನೀರು ತುಂಬಿ, ಮೋಟಾರಿನ ಕಾಲನ್ನು ಅದರಲ್ಲಿ ಇಳಿಬಿಟ್ಟು ಓಡಿಸುವುದು. ಹೆಚ್ಚು ಹೊತ್ತು ಓಡಿಸಿದರೆ ಡ್ರಮ್ಮಿನ ನೀರು ಕಾಯುತ್ತದೆ, ಶೆಡ್ಡಿನ ತುಂಬ ಹೊಗೆ. ನೀರು ಚೆಲ್ಲಿ ಮತ್ತೆ ತುಂಬಬೇಕು. ಹಾಗಾಗಿ ನಮ್ಮಲ್ಲಿ ಐದು ನಿಮಿಷ ಓಡಿಸಿ ನಿಲ್ಲಿಸುವುದು ರೂಢಿ. ಯಾರೂ ಬರೆದಿಟ್ಟ ನಿಯಮವಲ್ಲ. ಐದು ನಿಮಿಷ ಓಡಿತು. ಕಾರ್ಡಿನಲ್ಲಿ 'ಓಕೆ' ಎಂದು ಬರೆದು ಸಹಿ ಹಾಕಿದೆ.

ಎರಡು ವಾರದಲ್ಲಿ ನದಿ ಏರಿತು. ನೀರು ರಸ್ತೆಗೆ ಬಂದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ನಮಗೆ ಕೆಲಸವಿದ್ದದ್ದು ನದಿಯ ಪಾತ್ರದಲ್ಲಿ ತರಕಾರಿ ಬೆಳೆದುಕೊಂಡು ಗುಡಿಸಲು ಹಾಕಿಕೊಂಡವರ ಕಡೆ. ಮೊದಲ ದಿನ ಗಣಪಣ್ಣ ಒಂಬತ್ತು ಸಲ ಹೋಗಿಬಂದ. ಎಲ್ಲವೂ ಹತ್ತಿರದ ಓಡಾಟ, ಏಳೆಂಟು ನಿಮಿಷದ್ದು. ಮೋಟಾರು ಎಲ್ಲೂ ನಿಲ್ಲಲಿಲ್ಲ. ಎರಡನೇ ದಿನ ದೂರದ ಗುಡಿಸಲುಗಳಿಗೆ ಹೋಗಬೇಕಾಯಿತು. ಬರುವಾಗ ಏಳು ಜನರ ಭಾರ, ಎದುರು ಸೆಳೆತ, ಪೂರ್ತಿ ಥ್ರಾಟಲ್. ನಾನು ಏರಿಯ ಮೇಲೆ ನಮ್ಮ ಎಂಜಿನಿಯರ್ ಸಾಹೇಬರ ಪಕ್ಕದಲ್ಲಿ ವಾಕಿಟಾಕಿ ಹಿಡಿದು ನಿಂತಿದ್ದೆ.

"ಶಿವಣ್ಣ, ಕೇಳ್ತದಾ? ನಿಂತೇ ಹೋಯ್ತು."

"ವೆಂಟ್ ನೋಡು ಗಣಪಣ್ಣ, ವೆಂಟ್!"

ವೆಂಟ್ ಎಂದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲಿರುವ ತಿರುಪು. ಅದನ್ನು ಸಡಿಲಿಸದಿದ್ದರೆ ಟ್ಯಾಂಕಿನೊಳಗೆ ಗಾಳಿ ಹೋಗುವುದಿಲ್ಲ, ಪೆಟ್ರೋಲು ಬರುವುದಿಲ್ಲ.

"ತೆಗ್ದೇ ಅದೆ. ಪೆಟ್ರೋಲ್ ಬತ್ತಾ ಅದೆ. ಕಿಡಿ ಇಲ್ಲ ಮಾರಾಯ. ನಾ ಹೇಳಿದ್ನಲ್ಲ ಅವತ್ತೇ, ಬಿಸಿಯಾದ್ರೆ..."

ಅಲ್ಲಿಗೆ ಮಾತು ನಿಂತಿತು. ಉಳಿದದ್ದನ್ನು ದೋಣಿಯಲ್ಲಿದ್ದವರು ಹೇಳಿದರು. ದೋಣಿ ಸೆಳೆತಕ್ಕೆ ಸಿಕ್ಕಿ ಒಂದು ಜಾಲಿಮರದ ಹತ್ತಿರ ಹೋದಾಗ ಅವನು ಹಗ್ಗ ಹಿಡಿದು ನೀರಿಗಿಳಿದ. ಮರಕ್ಕೆ ಎರಡು ಸುತ್ತು ಬಿಗಿದ. ತಿರುಗಿ ದೋಣಿ ಹತ್ತುವಾಗ ತೇಲಿಬಂದ ಒಂದು ದಿಮ್ಮಿ ಬಡಿಯಿತು. ಇನ್ನೊಂದು ದೋಣಿ ಬಂದು ಏಳು ಜನರನ್ನೂ ಕರೆತಂದಿತು. ಗಣಪಣ್ಣ ಸಿಕ್ಕಿದ್ದು ಮೂರನೇ ದಿನ.

ಅವನ ಹನ್ನೆರಡು ದಿನದ ಕ್ರಿಯಾಕರ್ಮ ಮುಗಿಯುವ ಮೊದಲೇ ವಿಚಾರಣೆ ಶುರುವಾಯಿತು. ದೋಣಿ ವಾಪಸ್ ಬಂದಾಗ ಟ್ಯಾಂಕಿನ ವೆಂಟ್ ಬಿಗಿಯಾಗಿ ಮುಚ್ಚಿತ್ತು. ಚಾಲಕ ವೆಂಟ್ ತೆರೆಯಲು ಮರೆತ, ಪೆಟ್ರೋಲು ಬಾರದೆ ಎಂಜಿನ್ ನಿಂತಿತು ಎಂದು ಅಂದಾಜು ಮಾಡಿದರು. ಸಾಹೇಬರು ನನ್ನನ್ನು ಕರೆದು ಹಿಂದಿಯಲ್ಲಿ ಕೇಳಿದರು: "ಶಿವಣ್ಣ ಜೀ, ಅವನು ನಿಮ್ಮ ಭಾಷೆಯಲ್ಲಿ ಏನೋ ಹೇಳಿದನಲ್ಲ, ಏನದು?"

ಅಷ್ಟು ಜನ ಏರಿಯ ಮೇಲಿದ್ದರೂ ಅವನ ಮಾತು ತಿಳಿದವನು ನಾನೊಬ್ಬನೇ. ನನ್ನ ಕಣ್ಣ ಮುಂದೆ ಬಂದದ್ದು ಆ ಜಾಬ್ ಕಾರ್ಡು, ಕೆಳಗಿನ ನನ್ನ ಸಹಿ.

"ಸರಿಯಾಗಿ ಕೇಳಿಸಲಿಲ್ಲ ಸರ್," ಎಂದೆ.

ವರದಿಯ ಕರಡಿನಲ್ಲಿ 'ಚಾಲಕನ ನಿರ್ಲಕ್ಷ್ಯ' ಎಂದು ಟೈಪಾಯಿತು.

ಆ ವೆಂಟ್ ಯಾಕೆ ಮುಚ್ಚಿತ್ತು ಎಂಬುದೂ ನನಗೆ ಗೊತ್ತಿತ್ತು. ಗಣಪಣ್ಣ ಸಮುದ್ರದಲ್ಲಿ ಕೆಲಸ ಕಲಿತವನು. ಅಲೆಯ ನೀರು ಪೆಟ್ರೋಲಿಗೆ ಬೀಳಬಾರದೆಂದು, ಎಂಜಿನ್ ನಿಂತು ತಾನು ಅದರ ಹತ್ತಿರದಿಂದ ಏಳುವಾಗ ವೆಂಟ್ ಬಿಗಿಯುವುದು ಅವನ ಕೈಗೆ ಹತ್ತಿದ ಅಭ್ಯಾಸ. ಯಮುನೆಯಲ್ಲಿ ಅಲೆ ಎಲ್ಲಿದೆ ಎಂದು ನಾನೇ ಎಷ್ಟೋ ಸಲ ರೇಗಿಸಿದ್ದೆ. ನೀರಿಗೆ ಇಳಿಯುವ ಆ ಹೊತ್ತಿನಲ್ಲೂ ಅವನ ಕೈ ಅದನ್ನು ಮರೆತಿರಲಿಲ್ಲ.

ಮೂರು ದಿನ ಆ ಮೋಟಾರಿನ ಹತ್ತಿರ ಹೋಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬೇಗ ಶೆಡ್ಡಿಗೆ ಹೋಗಿ ಏಳನೇ ನಂಬರನ್ನು ಸ್ಟ್ಯಾಂಡಿಗೆ ಹಾಕಿದೆ. ಮೊದಲು ಕಾರ್ಬ್ಯುರೇಟರ್ ಬಿಚ್ಚಿದೆ. ಅದರ ಬಟ್ಟಲು ಪೆಟ್ರೋಲಿನಿಂದ ತುಂಬಿತ್ತು. ವೆಂಟ್ ಮುಚ್ಚಿ ಎಂಜಿನ್ ನಿಂತಿದ್ದರೆ ಅದು ಬರಿದಾಗಿರಬೇಕಿತ್ತು. ಕಿಡಿ ನೋಡಿದೆ. ಅದೇ ನೀಲಿ ಕಿಡಿ. ಡ್ರಮ್ಮಿಗೆ ಇಳಿಸಿ ಓಡಿಸಿದೆ. ಐದು ನಿಮಿಷ, ಹತ್ತು ನಿಮಿಷ. ನೀರು ಕಾದಾಗ ಪೈಪು ಹಾಕಿ ತಣ್ಣೀರು ಬಿಟ್ಟೆ. ಹೊಗೆಯಲ್ಲಿ ಕಣ್ಣು ಉರಿಯುತ್ತಿತ್ತು. ಇಪ್ಪತ್ತಮೂರನೇ ನಿಮಿಷಕ್ಕೆ ಎಂಜಿನ್ ಒಮ್ಮೆ ಮುಗ್ಗರಿಸಿ ನಿಂತಿತು. ಕೂಡಲೇ ಪ್ಲಗ್ ತೆಗೆದು ಹಗ್ಗ ಎಳೆದೆ. ಕಿಡಿಯೇ ಇಲ್ಲ. ತಪ್ಪು ಅದರಲ್ಲಿರಬಹುದೆಂದು ನಿಲ್ಲಿಸುವ ಸ್ವಿಚ್ಚಿನ ವೈರು ಕಳಚಿ ಮತ್ತೆ ಎಳೆದೆ. ಆಗಲೂ ಇಲ್ಲ.

ಈ ಎಂಜಿನ್ನಿಗೆ ಬ್ಯಾಟರಿ ಇಲ್ಲ. ಫ್ಲೈವೀಲ್ ಎಂಬ ಭಾರದ ಚಕ್ರದ ಕೆಳಗೆ ಚಾರ್ಜ್ ಕಾಯಿಲ್ ಎಂಬ ತಂತಿಯ ಸುರುಳಿ ಇರುತ್ತದೆ, ಫ್ಲೈವೀಲ್ ತಿರುಗಿದಾಗ ಕಿಡಿಗೆ ಬೇಕಾದ ಕರೆಂಟನ್ನು ಅದೇ ಹುಟ್ಟಿಸುತ್ತದೆ. ಫ್ಲೈವೀಲನ್ನು ಪುಲ್ಲರ್ ಹಾಕಿ ಕಿತ್ತು ಕಾಯಿಲನ್ನು ಹೊರತೆಗೆದೆ. ಅಷ್ಟರಲ್ಲಿ ಅದು ತಣ್ಣಗಾಗಿತ್ತು. ಮೀಟರಿನಲ್ಲಿ ಪುಸ್ತಕದಲ್ಲಿ ಇರುವಷ್ಟೇ ಓಮ್ಸ್ ತೋರಿಸಿತು. ಮನೆಯಿಂದ ತಂದಿದ್ದ ಹೆಂಡತಿಯ ಹೇರ್ ಡ್ರೈಯರಿನಿಂದ ಅದಕ್ಕೆ ಬಿಸಿಗಾಳಿ ಹಿಡಿದೆ. ಸ್ವಲ್ಪ ಹೊತ್ತಿಗೆ ರೀಡಿಂಗ್ ಮಾಯವಾಯಿತು. ಆರಲು ಬಿಟ್ಟೆ, ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ. ಸುರುಳಿಯ ಒಳಗೆಲ್ಲೋ ತಂತಿ ಬಿರುಕು ಬಿಟ್ಟಿತ್ತು. ಬಿಸಿಗೆ ಹಿಗ್ಗಿದಾಗ ಬಾಯಿ ಬಿಡುವುದು, ತಣಿದಾಗ ಕೂಡಿಕೊಳ್ಳುವುದು. ಗಣಪಣ್ಣ ಜೂನಿನಲ್ಲಿ ಹೇಳಿದ್ದು ಅಕ್ಷರಶಃ ಅದನ್ನೇ. ಕಂಡಮ್ ಮಾಡಿ ಮೂಲೆಗೆ ಹಾಕಿದ ಮೋಟಾರಿನಿಂದ ತೆಗೆದಿಟ್ಟ ಅಂಥದೇ ಕಾಯಿಲ್ ಜೂನಿನಲ್ಲೂ ನನ್ನ ಕಪಾಟಿನಲ್ಲೇ ಇತ್ತು.

ಕಾಗದದಲ್ಲಿ ಎಲ್ಲವನ್ನೂ ಬರೆದೆ. ವಾಕಿಟಾಕಿಯಲ್ಲಿ ಕೇಳಿದ ಮಾತು, ಮೊದಲು ನಾನು ಹೇಳಿದ ಸುಳ್ಳು, ಐದು ನಿಮಿಷದ ಟೆಸ್ಟು. ಸಾಹೇಬರು ಎರಡು ಸಲ ಓದಿದರು.

"ಸೋಚ್ ಲೋ, ಯೋಚಿಸಿ ನೋಡಿ, ಶಿವಣ್ಣ ಜೀ. ಅವನು ಹೋಗಿಬಿಟ್ಟ. ನಿಮಗಿನ್ನೂ ನಾಲ್ಕು ವರ್ಷ ಸರ್ವೀಸ್ ಇದೆ."

"ಅವನ ಹೆಸರಿನ ಮುಂದಿರೋದನ್ನ ತೆಗೀರಿ ಸರ್," ಎಂದೆ.

ಸಾಹೇಬರು ತೆಗೆದರು. ನನ್ನ ಮೇಲೆ ಚಾರ್ಜ್‌ಶೀಟ್ ಬಂತು, ಶಿಕ್ಷೆಯೂ ಆಯಿತು. ಅದರ ಬಗ್ಗೆ ದೂರಿಲ್ಲ.

ಕಾಗದ ಕೊಟ್ಟ ಸಂಜೆಯೇ ಗಣಪಣ್ಣನ ಮನೆಗೆ ಹೋದೆ. ತಾರಕ್ಕ ನೆಲದ ಮೇಲೆ ಕೂತಿದ್ದರು. ಮಗಳು ಮೇಘಾ ಮಾನೇಸರಿನ ಒಂದು ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾಳೆ. ದೆಹಲಿಯಲ್ಲೇ ಬೆಳೆದ ಹುಡುಗಿ.

"ಎಲ್ಲಾರೂ ಹೇಳ್ತಾರಪ್ಪ, ಅವ್ರು ಎಂತದೋ ತೆಗೂಲೆ ಮರ್ತ್ರು ಅಂತ," ಎಂದರು ತಾರಕ್ಕ. "ಹೌದಾ ಶಿವಣ್ಣ?"

"ಇಲ್ಲ ತಾರಕ್ಕ. ಮರೀಲಿಲ್ಲ. ತೆಗ್ದೇ ಅದೆ ಅಂತ ನನಗೆ ಹೇಳಿದ. ನಾನೇ ಆ ಮಾತು ಮುಚ್ಚಿಟ್ಟಿದ್ದೆ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಯಿಲಿನ ವಿಷಯ ಹೇಳಿದೆ. ಮೇಘಾ ಕೊನೆಯವರೆಗೂ ಕೇಳಿಸಿಕೊಂಡು ಒಂದೇ ವಿಷಯ ಕೇಳಿದಳು.

"ಅಂಕಲ್, ಹಾಟ್ ಟೆಸ್ಟ್ ಕಿಯಾ ಥಾ, ಬಿಸಿ ಆಗೋವರೆಗೆ? ಜೂನ್‌ನಲ್ಲಿ ಎಷ್ಟು ಮಿನಿಟ್ ಓಡ್ಸಿದ್ರಿ?"

"ಐದು."

ಅವಳು ಗೋಡೆಯ ಕಡೆ ತಿರುಗಿದಳು. ಹಾಗೆಯೇ ಹೇಳಿದಳು: "ಫ್ಲಡ್‌ಗೆ ಹೋಗೋ ದಿನ ನಾನು ಪಪ್ಪಾಗೆ ಕೇಳ್ದೆ, ಆ ಹಳೇ ಪುರಾನಾ ಮೋಟರ್ ಯಾಕೆ ತಗೊಂಡ್ ಹೋಗ್ತೀರಿ ಅಂತ. ಶಿವಣ್ಣ ಸಹಿ ಹಾಕಿದಾನೆ, ಫಿಕರ್ ಮತ್ ಕರ್, ಚಿಂತೆ ಬೇಡ ಅಂದ್ರು."

ಅವಳು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಮಾತಾಡು ಎಂದು ಕೇಳುವ ಮುಖ ನನಗಿಲ್ಲ.

ಕಿಡಿ ಹೋಗುವ ಮೋಟಾರನ್ನು ಪರೀಕ್ಷಿಸುವುದು ಹೇಗೆಂದು ಹೊಸಬರು ಕೇಳಿದರೆ ಪ್ಲಗ್, ವೈರು, ಸ್ವಿಚ್ಚು, ಕಾಯಿಲ್ ಎಂದು ಕ್ರಮ ಹೇಳಿಕೊಡುತ್ತೇನೆ. ಆದರೆ ಅದಕ್ಕೂ ಮೊದಲು, ಮೋಟಾರು ತಂದವನು ಏನು ಹೇಳಿದ ಎಂಬುದನ್ನು ಅವನ ಮಾತಿನಲ್ಲೇ ಕಾರ್ಡಿನಲ್ಲಿ ಬರೆಯಬೇಕು. ಯಾವಾಗ ನಿಲ್ಲುತ್ತದೆ ಎಂದು ಅವನು ಹೇಳುತ್ತಾನೋ, ಅಲ್ಲಿಯವರೆಗೆ ಓಡಿಸಿ ನೋಡದೆ ಸಹಿ ಹಾಕಬಾರದು. ನಾವು ಸಹಿ ಹಾಕುವುದು ಒಂದು ಕಾಗದಕ್ಕೆ. ಅದನ್ನು ನಂಬಿ ನೀರಿಗೆ ಹೋಗುವವನು ಒಬ್ಬ ಮನುಷ್ಯ.