ಕಣ್ಣು ಬರದಿದ್ದರೂ ನಡೆದ ಸ್ತೋತ್ರಕೂಟ

ನಮ್ಮ ಸಭೆಯವರಲ್ಲಿ ಒಂದು ರೂಢಿಯಿದೆ. ಕೇಳಿಕೊಂಡದ್ದನ್ನು ದೇವರು ನೆರವೇರಿಸಿದರೆ, ಆ ಮನೆಯವರು ನೆಂಟರನ್ನೂ ಸಭೆಯವರನ್ನೂ ಕರೆದು ಸ್ತೋತ್ರಕೂಟ ನಡೆಸುತ್ತಾರೆ. ಹಾಡು, ಪ್ರಾರ್ಥನೆ, ಆಮೇಲೆ ಮನೆಯವರ ಸಾಕ್ಷಿ, ಕೊನೆಗೆ ಊಟ. ಸಾಕ್ಷಿಯೆಂದರೆ ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಎಲ್ಲರ ಮುಂದೆ ಹೇಳುವುದು. ಉಪಕಾರ ಮೊದಲು, ಕೂಟ ಅನಂತರ. ತರಗತಿಯಲ್ಲಿ ಮಕ್ಕಳ ವಾಕ್ಯಗಳನ್ನು ತಿದ್ದಿ ಕ್ರಮಪಡಿಸುವುದೇ ಉದ್ಯೋಗವಾಗಿದ್ದ ನನಗೆ ಈ ಕ್ರಮ ಬಹಳ ಯುಕ್ತವೆನಿಸಿತ್ತು.

ನನ್ನ ತಾಯಿ ಅದನ್ನು ತಲೆಕೆಳಗು ಮಾಡಿದರು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾವು ಹೊಳೆನರಸೀಪುರದಲ್ಲಿದ್ದೆವು. ಅಮ್ಮ ರವಿಕೆ ಹೊಲಿಯುತ್ತಿದ್ದರು. ಚನ್ನರಾಯಪಟ್ಟಣದಿಂದಲೂ ಮದುವೆಯ ಬಟ್ಟೆಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದವು. ಒಂದು ಕಣ್ಣಿನ ದೃಷ್ಟಿ ಹಿಂದೆಯೇ ಹೋಗಿತ್ತು. ಇನ್ನೊಂದೂ ಮಸುಕಾದಾಗ ಹಾಸನದಲ್ಲಿ ಆಪರೇಷನ್ ಮಾಡಿಸಿದೆವು. ಭರವಸೆ ಕೊಡಲಾರೆನೆಂದು ವೈದ್ಯರು ಮೊದಲೇ ಹೇಳಿದ್ದರು. ಅಮ್ಮ ಮಾತ್ರ, ಪಟ್ಟಿ ಬಿಚ್ಚುವ ದಿನ ಗೊತ್ತಾದೊಡನೆ, ಅದರ ಮರುದಿನಕ್ಕೇ ಸ್ತೋತ್ರಕೂಟವನ್ನು ನಿಗದಿಮಾಡಿ, ಅರಕಲಗೂಡಿನಲ್ಲಿದ್ದ ತಮ್ಮ ತಮ್ಮನಿಗೂ ಹೇಳಿಕಳುಹಿಸಿಬಿಟ್ಟರು.

ಪಕ್ಕದ ಮನೆಯಾಕೆ ಬೆರಗಾದರು. "ಅರಕೆ ಫಲಿಸೋಕ್ ಮುಂಚೇನೇ ಊಟ ಆಕ್ತೀರಾ? ನಾವಾದ್ರೆ ಮೊದ್ಲು ಕೆಲ್ಸ ಆಗ್ಲಿ ಅಂತೀವಿ ಕಣಕ್ಕ."

"ಕಣ್ ಬಂದ್ಮೇಲೆ ಒಲಿಯೋ ಬಟ್ಟೆ ರಾಶಿ ಬಿದ್ದಿರ್ತವೆ ಕಣವ್ವ. ಆಗ ಪುರ್ಸೊತ್ತೆಲ್ಲಿ?" ಎಂದು ಅಮ್ಮ ನಕ್ಕರು.

ಪಟ್ಟಿ ಬಿಚ್ಚಿದರು. ವೈದ್ಯರು ಟಾರ್ಚ್ ಹಿಡಿದು, ಬೆಳಕು ಕಾಣುತ್ತದೆಯೇ ಎಂದು ಕೇಳಿದರು.

"ಇಲ್ಲ ಸಾ."

ಮತ್ತೆ ಕೇಳಿದಾಗಲೂ ಅದೇ ಉತ್ತರ. ಬಸ್ಸು ಹೊಳೆನರಸೀಪುರ ತಲುಪುವವರೆಗೂ ಅಮ್ಮ ನನ್ನ ಕೈ ಬಿಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಇಳಿದೊಡನೆ ಅವರನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಎಸ್‌ಟಿಡಿ ಬೂತಿನತ್ತ ಹೊರಟೆ.

"ಎಲ್ಲಿಗಪ್ಪ?"

"ಮಾವನಿಗೆ ಬರಬೇಡಿ ಅಂತ ಫೋನ್ ಮಾಡ್ತೀನಮ್ಮ. ಸಭೆಯ ಅಯ್ಯನವರಿಗೂ ಹೇಳ್ತೀನಿ. ನಾಳೆ ಏನಂತ ಸ್ತೋತ್ರ ಮಾಡೋದು?"

"ಅದ್ ನಾನ್ ಏಳ್ಬೇಕಾದ್ ಮಾತು. ನೀನ್ ಓಗಿ ಅಕ್ಕಿ ತಗಂಡ್ ಬಾ."

ಮರುದಿನ ಮನೆ ತುಂಬಿತು. ಮಾವ ಬಾಗಿಲಲ್ಲೇ ಸುದ್ದಿ ತಿಳಿದು, ನನ್ನ ಕಡೆ ಒಮ್ಮೆ ನೋಡಿ, "ಅಕ್ಕ, ಎಲ್ಲೋ ವಿಶ್ವಾಸ ಕಮ್ಮಿ ಆಗೈತೆ. ಯಾರ್ದೋ ಏನೋ" ಎಂದ.

"ವಿಶ್ವಾಸ ಕಮ್ಮಿ ಇದ್ದಿದ್ರೆ ನಿನ್ನ ಊಟಕ್ ಕರೀತಿದ್ನೇನ್ಲಾ? ನೀನ್ ಉಣ್ಣೋದು ನಂಗೊತ್ತಿಲ್ವಾ? ಒಳೀಕ್ ಬಾ," ಎಂದರು ಅಮ್ಮ.

ಸಾಕ್ಷಿಯ ಹೊತ್ತು ಬಂದಾಗ ನಮ್ಮ ಸಭಾಪಾಲಕರಾದ ಅಯ್ಯನವರು ಮೆಲ್ಲಗೆ, "ಇವತ್ತು ಅದು ಬೇಡಮ್ಮ, ಪ್ರಾರ್ಥನೆ ಸಾಕು" ಎಂದರು. ಅವರ ದನಿಯಲ್ಲಿ ಕನಿಕರವಿತ್ತು. ಅಮ್ಮ ಹೊಲಿಗೆ ಯಂತ್ರದ ಅಂಚು ಹಿಡಿದು ಎದ್ದು ನಿಂತರು.

"ಕಣ್ ಕೊಡು ಸ್ವಾಮಿ ಅಂದೆ. ಕೊಡ್ಲಿಲ್ಲ. ಯಾಕೆ ಅಂತ ನಂಗ್ ಗೊತ್ತಿಲ್ಲ. ನೆನ್ನೆ ಬಸ್ಸಲ್ಲಿ ಅತ್ತೆ. ಅದ್ನೂ ಅವ್ನಿಗೇ ಏಳ್ದೆ. ನಾಳೆನೂ ಕೇಳ್ತೀನಿ, ಬಿಡಾಕಿಲ್ಲ. ಆದ್ರೆ ಅವ್ನು ಒಳ್ಳೇವ್ನು ಅನ್ನಾಕೆ ಕಣ್ ಬರ್ಲಿ ಅಂತ ಕಾಯಾಕಿಲ್ಲ. ನನಗೋಸ್ಕರ ಶಿಲುಬೆ ಮ್ಯಾಲೆ ಪ್ರಾಣ ಬಿಟ್ಟೋನ್ನ ಒಂದ್ ಕಣ್ ಇಟ್ಕಂಡ್ ಅಳತೆ ಮಾಡ್ಲಾ?"

ಅಯ್ಯನವರು ಸಿದ್ಧಪಡಿಸಿ ತಂದಿದ್ದ ಪ್ರಸಂಗವನ್ನು ಕೈಬಿಟ್ಟು, ಹಾಡೊಂದನ್ನು ಎತ್ತಿಕೊಡುವಂತೆ ಅಮ್ಮನನ್ನೇ ಕೇಳಿದರು. ಅಮ್ಮ ಎಂದಿನಂತೆ ತೀರ ಮೇಲಿನ ಶ್ರುತಿಯಲ್ಲಿ ಎತ್ತಿದರು. ಗಂಡಸರೆಲ್ಲ ಕತ್ತಿನ ನರ ಉಬ್ಬಿಸಿಕೊಂಡು ಹಿಂಬಾಲಿಸಬೇಕಾಯಿತು. ಮಾವ ಮೊದಲ ಚರಣಕ್ಕೇ ಕಣ್ಣೊರೆಸಿಕೊಳ್ಳುತ್ತ ನಿಂತುಬಿಟ್ಟ.

ದೃಷ್ಟಿ ಮರಳಲಿಲ್ಲ. ಎರಡು ಸಾವಿರದ ಇಸವಿ ದಾಟಿ, ತೀರಿಕೊಳ್ಳುವವರೆಗೂ, ಅವರು ಪ್ರತಿ ಸಂಜೆ ಕಣ್ಣನ್ನು ಕೇಳಿದರು; ಕೇಳುವ ಮೊದಲು ಸ್ತೋತ್ರ ಹೇಳಿದರು. ದೇವರು ಏಕೆ ಕೊಡಲಿಲ್ಲವೆಂಬ ಪ್ರಶ್ನೆಗೆ ನನ್ನಲ್ಲೂ ಉತ್ತರವಿಲ್ಲ. ಅಮ್ಮ ಉತ್ತರವಿಲ್ಲದೆಯೇ ಅವನನ್ನು ನಂಬಿದ್ದರೆಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಈಗಲೂ ಅರಕಲಗೂಡಿನ ಆರಾಧನೆಗೆ ಹೋದರೆ, ಹಿರಿಯ ಹೆಂಗಸರು ನನ್ನನ್ನು ಮೇಷ್ಟ್ರೆಂದು ಗುರುತಿಸುವುದಿಲ್ಲ. "ಕಣ್ ಬರ್ದೇ ಇದ್ರೂ ಊಟ ಆಕ್ಸುದ್ಲಲ್ಲ, ಅವ್ಳ ಮಗ ಕಣೆ," ಎಂದು ಪಕ್ಕದವರಿಗೆ ಹೇಳುತ್ತಾರೆ. ಕೇಳಿಸಿಕೊಂಡು, ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳುತ್ತೇನೆ.