ಫ್ಲಾರೆನ್ಸಿನಲ್ಲೊಂದು ಗದ್ದಲದ ಕೋಣೆ

2023ರ ಕೊನೆಯಲ್ಲಿ ನಾನು ವಿಶಾಖಪಟ್ಟಣದ ಒಂದು ಪ್ರವಾಸ ಸಂಸ್ಥೆಯ ಯುರೋಪ್ ವಿಭಾಗದಲ್ಲಿ ಸಹಾಯಕ ವ್ಯವಸ್ಥಾಪಕಿಯಾಗಿದ್ದೆ. ಗುಂಪು ಪ್ರವಾಸಗಳನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರು. ತಮ್ಮ ಪಾಡಿಗೆ ತಾವು ಹೋಗುವ ದಂಪತಿಗಳಿಗೆ ಯಾವ ಊರಿನಲ್ಲಿ ಎಲ್ಲಿ ಉಳಿಯಬೇಕೆಂದು ಗೊತ್ತುಮಾಡಿಕೊಡುವುದು ನನ್ನ ಕೆಲಸ. ನನ್ನೂರು ಬಳ್ಳಾರಿ, ತೆಲುಗು ಕಷ್ಟವಾಗಲಿಲ್ಲ. ಕನ್ನಡದ ಗ್ರಾಹಕರು ಬಂದರೆ ನಮ್ಮ ವ್ಯವಸ್ಥಾಪಕರಾದ ನಾಯ್ಡು ಅವರು "ನಿಮ್ಮವರು ಬಂದರಮ್ಮಾ" ಎಂದು ನನ್ನ ಮೇಜಿನತ್ತ ಕೈತೋರಿಸುತ್ತಿದ್ದರು.

ಗಿರಿಜಮ್ಮ ಹಾಗೆ ಬಂದವರು. ಹುಟ್ಟಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ದಲಾಲರ ಮನೆಯಲ್ಲಿ. ಮದುವೆಯಾಗಿದ್ದು ವಿಜಯವಾಡದ ಹಳೆಪೇಟೆ ಒನ್ ಟೌನ್‌ನ ಮೆಣಸಿನಕಾಯಿ ಸಗಟು ವ್ಯಾಪಾರಿ ಸತ್ಯನಾರಾಯಣ ಅವರನ್ನು. ಎರಡೂ ಮನೆಗಳ ನಡುವೆ ಮೊದಲು ಓಡಾಡಿದ್ದು ಚೀಲಗಳು, ಆಮೇಲೆ ಸಂಬಂಧ. ಗಿರಿಜಮ್ಮ ಓದಿದವರು; ವಿಜಯವಾಡದ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸಿ ಆ ವರ್ಷವೇ ನಿವೃತ್ತರಾಗಿದ್ದರು.

"ಫ್ಲಾರೆನ್ಸ್ ಪಾಠ ಬಂದಾಗೆಲ್ಲಾ ಬೋರ್ಡ್ ಮ್ಯಾಲೆ ನಕಾಶಿ ಬರೀತಿದ್ದೆ ನೋಡವಾ. ಇದು ನದಿ, ಇವು ಸೇತುವಿ, ಇದು ದೊಡ್ಡ ಗುಮ್ಮಟ. ಪ್ರತಿ ಬ್ಯಾಚಿನಾಗೂ ಒಬ್ಬ ಕಿಡಿಗೇಡಿ ಇರತಿದ್ದ. 'ಮೇಡಂ, ನೀವು ನೋಡೀರೇನು?' ಅಂತ ಕೇಳಾಂವ."

"ನೀವೇನು ಹೇಳ್ತಿದ್ರಿ?"

"ಮೊದಲು ಪೋರ್ಷನ್ ಮುಗೀಲಿ ಅಂತಿದ್ದೆ."

ಅವರ ಪಕ್ಕದಲ್ಲಿ ಸತ್ಯನಾರಾಯಣ ಅವರು ಬಿಳಿ ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಎಲ್ಲದಕ್ಕೂ "ಹೌದಮ್ಮಾ, ಗಿರಿಜ ಹೇಳಿದ ಹಾಗೆ" ಎನ್ನುವುದೊಂದೇ ಮಾತು.

ಇಟಲಿಯ ಫ್ಲಾರೆನ್ಸಿನ ಹಳೆಯ ನಗರದಲ್ಲಿ ವಸತಿ ಆರಿಸುವುದು ಕಾಣುವಷ್ಟು ಸುಲಭವಲ್ಲ. ಅನುಮತಿಯಿಲ್ಲದ ವಾಹನಗಳು ಅಲ್ಲಿನ ಬಹುಪಾಲು ಬೀದಿಗಳಿಗೆ ಬರುವಂತಿಲ್ಲ. ಕಲ್ಲುಹಾಸಿನ ಮೇಲೆ ಪೆಟ್ಟಿಗೆ ಎಳೆದುಕೊಂಡು ನಡೆಯಬೇಕಾಗಬಹುದು. ಕಟ್ಟಡಗಳು ಶತಮಾನಗಳಷ್ಟು ಹಳೆಯವು. ಎಷ್ಟೋ ಕಡೆ ಲಿಫ್ಟ್ ಇಲ್ಲ, ಅವರ ಮೊದಲ ಮಹಡಿ ನಮ್ಮ ಎರಡನೆಯದರಷ್ಟು ಎತ್ತರ. ಗುಮ್ಮಟದ ಸುತ್ತಮುತ್ತ ಬಾಡಿಗೆಯೂ ಜನವೂ ಹೆಚ್ಚು. ನದಿಯಾಚೆ ಏರಿನಲ್ಲಿ ತೋಟಗಳ ನಡುವೆ ನಿಶ್ಶಬ್ದವಾದ ಹೋಟೆಲುಗಳಿವೆ. ಪೂರ್ವಕ್ಕೆ ತರಕಾರಿ ಮಾರುಕಟ್ಟೆಯ ಸುತ್ತ ಬಾಡಿಗೆ ಮನೆಗಳು ಸಿಗುತ್ತವೆ, ಆದರೆ ನಸುಕಿನಿಂದಲೇ ಗದ್ದಲ. ಅರವತ್ತು ದಾಟಿದವರಿಗೆ ಮೊದಲು ನೋಡಬೇಕಾದದ್ದು ಶಾಂತಿ ಎಂಬುದು ನಮ್ಮ ಕಚೇರಿಯ ಅಲಿಖಿತ ನಿಯಮ. ನಾನು ನದಿಯಾಚೆಯ ಹೋಟೆಲೊಂದನ್ನು ಆರಿಸಿದೆ. ದೊಡ್ಡ ಗಾಜಿನ ಕಿಟಕಿ, ಅದರಲ್ಲಿ ದೂರದ ಗುಮ್ಮಟ. ಚಿತ್ರ ತೋರಿಸಿದಾಗ ಗಿರಿಜಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮೊದಲ ಸಲ ವಿದೇಶಕ್ಕೆ ಹೋಗುವವರನ್ನು ಹೊರಡುವ ಮುನ್ನ ಕಚೇರಿಗೆ ಕರೆಸಿ ಎಲ್ಲವನ್ನೂ ವಿವರಿಸುವುದು ನಮ್ಮ ಪದ್ಧತಿ. ಫೆಬ್ರವರಿಯಲ್ಲಿ ಇಬ್ಬರೂ ಹಿಂದಿನ ದಿನವೇ ವಿಶಾಖಪಟ್ಟಣಕ್ಕೆ ಬಂದರು. ಸಮುದ್ರದ ಎದುರಿನ ಒಳ್ಳೆಯ ಹೋಟೆಲಿನಲ್ಲಿ ನಾನೇ ಕೋಣೆ ಮಾಡಿಸಿದ್ದೆ. ಬೆಳಗ್ಗೆ ಗಿರಿಜಮ್ಮ ಒಬ್ಬರೇ ಬಂದರು.

"ಅವರು ಹೋಟೆಲಿನ ಲಾಬ್ಯಾಗ ಕುಂತಾರ. ನಿದ್ದೀನೇ ಮಾಡಿಲ್ಲಂತ. ಇಟಲಿ ಕ್ಯಾನ್ಸಲ್ ಮಾಡಸು ಅಂದ್ರು."

"ಕಾರಣ ಏನಂತೆ?"

"ಕಾರಣ ಹೇಳಿಬಿಟ್ರ ಅವರು ನನ್ನ ಗಂಡ ಹೆಂಗ ಆಗ್ತಾರ?" ಎಂದು ನಕ್ಕರು. ನಗು ನಿಲ್ಲಲಿಲ್ಲ, ಅಳುವಿನ ಕಡೆ ಹೊರಳಿತು. "ಬಂಗಾರದಂಥ ಮನಷ್ಯಾ. ಆದ್ರ ಎಲ್ಲಿ ಹೋದ್ರೂ ಹಿಂಗ. ತಿರುಪತ್ಯಾಗೂ ಹಿಂಗ, ನನ್ನ ತವರಾಗೂ ಹಿಂಗ. ರೊಕ್ಕಕ್ಕ ಅಂಜತಾರೋ, ನನ್ನ ಜೋಡಿ ಬರಾಕ ಮನಸ್ಸಿಲ್ಲೋ, ಏನ ತಿಳೀಲಿ?"

ಮಹಿಳೆಯರಷ್ಟೇ ಹೋಗುವ ನಮ್ಮ ಗುಂಪು ಪ್ರವಾಸವನ್ನು ಸೂಚಿಸಿದೆ. ಅವರು ತಲೆಯಾಡಿಸಿದರು.

"ಇಷ್ಟು ವರ್ಷ ಒಬ್ಬಾಕೀನ ಹೋಗಿ ಬಂದೀನವಾ, ಬೋರ್ಡ್ ಮ್ಯಾಲೆ. ಈ ಸಲ ಅವರ ಜೋಡಿ ಹೋಗಬೇಕು. ಇಲ್ಲಂದ್ರ ಬ್ಯಾಡ."

ರದ್ದತಿಗೆ ಇನ್ನೂ ಸ್ವಲ್ಪ ಸಮಯವಿತ್ತು. ವಿಜಯವಾಡದಲ್ಲಿ ನಮ್ಮ ಸಣ್ಣ ಶಾಖೆಯಿತ್ತು. ಗುರುವಾರಗಳಲ್ಲಿ ನಾನು ಅಲ್ಲಿ ಕೂರುತ್ತಿದ್ದೆ. ಮುಂದಿನ ಗುರುವಾರ ಗಿರಿಜಮ್ಮ ಊಟಕ್ಕೆ ಕರೆದರು. ಗ್ರಾಹಕರ ಮನೆಗೆ ಹೋಗುವ ಅಭ್ಯಾಸ ನನಗಿಲ್ಲ. ಆದರೂ ಕೊನೆಯ ಮಾತು ಇಬ್ಬರಿಂದಲೂ ಕೇಳಬೇಕಿತ್ತು, ಹೋದೆ.

ಕೆಳಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತುವಷ್ಟರಲ್ಲಿ ಮೆಣಸಿನ ಘಾಟಿಗೆ ಸೀನು ಶುರುವಾಯಿತು. ಊಟವಾದ ಮೇಲೆ ಸತ್ಯನಾರಾಯಣ ಅವರು ನನ್ನ ಅಪ್ಪಣೆ ಕೇಳಿ ಬೀದಿ ಕಿಟಕಿಯ ಪಕ್ಕದ ಮಂಚದ ಮೇಲೆ ಒರಗಿದರು. ಕಿಟಕಿ ಪೂರ್ತಿ ತೆರೆದಿತ್ತು. ಕೆಳಗೆ ತಳ್ಳುಗಾಡಿಗಳು, ಚೀಲ ಇಳಿಸುವ ಹಮಾಲರ ಕೂಗು, ಆಟೋ ಹಾರನ್ನು, ಎದುರಿಗೆ ಖಾರದ ಪುಡಿ ಗಿರಣಿಯ ಒಂದೇ ಸಮನೆ ಮೊರೆತ. ಗಿರಿಜಮ್ಮನೂ ನಾನೂ ದನಿಯೇರಿಸಿ ಮಾತಾಡಬೇಕಾಯಿತು. ಸತ್ಯನಾರಾಯಣ ಅವರು ಮಾತ್ರ ಮಗುವಿನಂತೆ ಬಾಯಿ ತೆರೆದು ನಿದ್ದೆ ಹೋಗಿದ್ದರು.

ಆಗ ಕರೆಂಟು ಹೋಯಿತು. ಗಿರಣಿ ನಿಂತಿತು. ಹಮಾಲರಿಗೂ ಊಟದ ಹೊತ್ತು, ಬೀದಿಯೇ ನಿಂತಂತಾಯಿತು. ಸತ್ಯನಾರಾಯಣ ಅವರು ಯಾರೋ ಹಿಡಿದು ಎಬ್ಬಿಸಿದ ಹಾಗೆ ಎದ್ದು ಕುಳಿತರು. ಮುಖ ಬಿಳಿಚಿತ್ತು. ಕಿಟಕಿಯಿಂದ ಬಗ್ಗಿ, "ಒರೇಯ್, ಏಮೈಂದಿರಾ?" ಎಂದು ಕೂಗಿದರು. ಏನಾಯಿತೋ ಎಂಬ ಆ ಪ್ರಶ್ನೆಗೆ ಕೆಳಗಿನಿಂದ ಉತ್ತರ ಬಂತು: "ಕರೆಂಟು ಪೋಯಿಂದಂಡೀ!"

"ಕರೆಂಟಾ," ಎಂದು ಮತ್ತೆ ಮಲಗಿದರು. ಬೀದಿ ಇನ್ನೂ ಮೌನವಾಗಿಯೇ ಇತ್ತು, ಅವರಿಗೆ ನಿದ್ದೆ ಬಂದಾಗಿತ್ತು.

ಕಾಫಿಯ ಹೊತ್ತಿಗೆ ನಾನು ಕೇಳಿದೆ: "ಸರ್, ವಿಶಾಖಪಟ್ಟಣದ ಆ ಹೋಟೆಲಿನಲ್ಲಿ ಸದ್ದೇ ಇರಲಿಲ್ಲ, ಅಲ್ಲವೇ?"

ಅವರು ಲೋಟ ಕೆಳಗಿಟ್ಟರು. "ಏನೂ ಇಲ್ಲಮ್ಮಾ. ಸಮುದ್ರ ಕೂಡ ಗಾಜಿನಾಚೆ ಮೂಕಿ ಸಿನಿಮಾ ಥರ." ಕಿಟಕಿಯತ್ತ ಕೈತೋರಿಸಿ ಮುಂದುವರಿಸಿದರು. "ನಮ್ಮ ಬಜಾರಲ್ಲಿ ವ್ಯಾಪಾರಿ ಯಾರಾದರೂ ಹೋಗಿಬಿಟ್ಟರೆ ಬೀದಿಯವರೆಲ್ಲಾ ಷಟರ್ ಇಳಿಸ್ತಾರೆ. ಮನೆಯವರಿಗೆ ಹೇಳೋದು ಆಮೇಲೆ, ಷಟರ್ ಮೊದಲು. ನಮ್ಮ ಅಣ್ಣಯ್ಯ ಗೋಡೌನಲ್ಲಿ ಕುಸಿದುಬಿದ್ದಾಗ ನಾನು ಇದೇ ಮಂಚದ ಮೇಲೆ ಮಲಗಿದ್ದೆ. ಸದ್ದು ನಿಂತು ಎಚ್ಚರ ಆಯ್ತು. ಅಯ್ಯೋ ಪಾಪ, ಯಾರು ಹೋದರೋ ಅಂದುಕೊಂಡು ಕೆಳಗಿಳಿದೆ. ಎಲ್ಲರೂ ನನ್ನನ್ನೇ ನೋಡ್ತಾ ಇದ್ದರು."

ಗಿರಿಜಮ್ಮ ಅವರ ಕಡೆ ತಿರುಗಿದರು. "ಇಷ್ಟು ವರ್ಷ ನನಗ್ಯಾಕ ಹೇಳಲಿಲ್ರೀ?"

"ನೀನು ಕಾಲೇಜಲ್ಲಿದ್ದೆ," ಎಂದರು ಅವರು, ಆ ಕಾರಣ ಇನ್ನೂ ಉಳಿದಿದೆ ಎಂಬಂತೆ.

ಗಿರಿಜಮ್ಮ ಎದ್ದು ಹೋಗಿ ಅವರ ಲೋಟಕ್ಕೆ ಇನ್ನಷ್ಟು ಕಾಫಿ ತಂದು ಬಗ್ಗಿಸಿದರು. ಆಮೇಲೆ ನನಗೆ ಹೇಳಿದರು: "ಗುಮ್ಮಟ ಎಲ್ಲೀಗೂ ಓಡಿಹೋಗೂದಿಲ್ಲ. ನಡಕೊಂಡ ಹೋಗಿ ನೋಡೋಣು. ಗದ್ದಲ ಇರೋ ಜಾಗಾ ಹುಡುಕವಾ."

ಆ ವಾರ ನಾನು ಕೆಲಸವನ್ನು ತಿರುಗುಮುರುಗಾಗಿ ಮಾಡಿದೆ. ತಂಗಿದವರು ಬರೆಯುವ ಅಭಿಪ್ರಾಯಗಳಲ್ಲಿ ಹೊಗಳಿಕೆಗಳನ್ನು ಬಿಟ್ಟು ದೂರುಗಳನ್ನು ಹುಡುಕಿ ಓದಿದೆ. ಮಾರುಕಟ್ಟೆಯ ಬಳಿ ಒಂದು ಮನೆ ಸಿಕ್ಕಿತು. ಬೆಳಕು ಹರಿಯುವ ಮೊದಲೇ ಪೆಟ್ಟಿಗೆಗಳನ್ನು ಎಸೆಯುತ್ತಾರೆ, ಕಬ್ಬಿಣದ ಬಾಗಿಲು ಎತ್ತುತ್ತಾರೆ, ವ್ಯಾಪಾರಿಗಳು ಜಗಳವಾಡುವಂತೆ ಮಾತಾಡುತ್ತಾರೆ ಎಂದು ಒಬ್ಬರಾದ ಮೇಲೊಬ್ಬರು ಗೋಳಾಡಿದ್ದರು. ಲಿಫ್ಟ್ ಇತ್ತು, ಅಡುಗೆಮನೆಯೂ ಇತ್ತು. ಮನೆಯೊಡತಿಗೆ ಫೋನ್ ಮಾಡಿ, ಬೀದಿಯ ಸದ್ದು ಕೇಳಿಸುತ್ತದೆಯೇ ಎಂದೆ. ಎರಡು ಪದರದ ಗಾಜು ಹಾಕಿಸಿದ್ದೇನೆ, ಸೂಜಿ ಬಿದ್ದ ಸದ್ದೂ ಇಲ್ಲ ಎಂದು ಆಕೆ ಆಣೆಯಿಟ್ಟಷ್ಟು ಗಟ್ಟಿಯಾಗಿ ಹೇಳಿದಳು. ಕಿಟಕಿ ತೆರೆಯಬಹುದೇ ಎಂದೆ. ತೆರೆಯಬಹುದು, ಆದರೆ ಯಾಕೆ ಎಂದು ಕೇಳಿದಳು. ನಮ್ಮ ಅತಿಥಿಗೆ ಸದ್ದು ಬೇಕು ಎಂದಾಗ, ಇನ್ನೊಮ್ಮೆ ಹೇಳಿ ಎಂದಳು.

ನಾಯ್ಡು ಅವರಿಗೆ ಇದು ಹಿಡಿಸಲಿಲ್ಲ. "ಏನಮ್ಮಾ, ಕಂಪ್ಲೇಂಟ್ ಬಂದಿರೋ ರೂಮನ್ನೇ ಆರಿಸಿ ಕೊಡ್ತಿದ್ದೀಯ? ನಾಳೆ ಅವರು ನಿದ್ದೆಯಿಲ್ಲ ಅಂದರೆ ನೀನು ಜೋಗುಳ ಹಾಡ್ತೀಯಾ?"

"ಹಾಡಬೇಕಾಗಲ್ಲ ಸರ್," ಎಂದೆ.

ಅಷ್ಟು ಧೈರ್ಯವಾಗಿ ಹೇಳಿದವಳಿಗೆ ಹೊರಡುವ ಹಿಂದಿನ ವಾರ ಒಂದು ವಿಷಯ ಕಣ್ಣಿಗೆ ಬಿತ್ತು. ಅವರು ಅಲ್ಲಿರುವ ದಿನಗಳ ನಡುವೆ ಒಂದು ಭಾನುವಾರವಿತ್ತು. ಭಾನುವಾರ ಆ ಮಾರುಕಟ್ಟೆಗೆ ರಜೆ. ಹೊಸ ಊರು, ನಸುಕು, ಎಲ್ಲ ಬಾಗಿಲುಗಳೂ ಮುಚ್ಚಿದ ಬೀದಿ. ಬೇರೆ ಮನೆ ಹುಡುಕಲು ಸಮಯವಿರಲಿಲ್ಲ; ಹುಡುಕಿದರೂ ಭಾನುವಾರ ಎಲ್ಲ ಕಡೆ ಬರುತ್ತದೆ. ಆ ಮಧ್ಯಾಹ್ನದ ಕಿಟಕಿ ನೆನಪಾಯಿತು. ಕರೆಂಟು ಹೋಗಿದೆ ಎಂದು ತಿಳಿದ ಮೇಲೆ ಮೌನ ಅವರನ್ನು ಏನೂ ಮಾಡಿರಲಿಲ್ಲ. ಸತ್ಯನಾರಾಯಣ ಅವರಿಗೇ ಫೋನ್ ಮಾಡಿದೆ.

"ಸರ್, ಭಾನುವಾರ ಬೆಳಗ್ಗೆ ಅಲ್ಲಿ ಯಾರೂ ಅಂಗಡಿ ತೆಗೆಯುವುದಿಲ್ಲ. ಅದು ಅವರ ವಾರದ ರಜೆ. ಬೇರೇನೂ ಅಲ್ಲ."

"ಹೇಳಿದ್ದು ಒಳ್ಳೆಯದಾಯ್ತಮ್ಮಾ," ಎಂದರು.

ಏಪ್ರಿಲಿನಲ್ಲಿ ಇಬ್ಬರೂ ಹೋದರು. ಮೊದಲ ದಿನಗಳಲ್ಲಿ ಯಾವ ಸುದ್ದಿಯೂ ಬರಲಿಲ್ಲ. ನಮ್ಮ ವೃತ್ತಿಯಲ್ಲಿ ಅದು ಒಳ್ಳೆಯ ಸುದ್ದಿ. ಆ ಭಾನುವಾರ ಮಾತ್ರ ನಾನು ಎಂವಿಪಿ ಕಾಲೋನಿಯ ನನ್ನ ಮನೆಯಲ್ಲಿ ಫೋನನ್ನು ಕೈಗೆ ಸಿಗುವಂತೆ ಇಟ್ಟುಕೊಂಡೇ ಅಡುಗೆ ಮಾಡಿದೆ. ಮಧ್ಯಾಹ್ನ ಗಿರಿಜಮ್ಮನ ಧ್ವನಿ ಸಂದೇಶ ಬಂತು.

"ನಸುಕಿನಾಗ ಎದ್ದು ಕುಂತ್ರವಾ. ನಾನೂ ಎದ್ದೆ. ಕಿಟಕಿಯಾಗ ಬಗ್ಗಿ ನೋಡಿದ್ರು, ಮುಚ್ಚಿದ ಬಾಗಿಲಾ ಎಲ್ಲಾ ನೋಡಿದ್ರು. 'ಗಿರಿಜಾ, ಇವತ್ತು ಭಾನುವಾರ, ಎಲ್ಲರೂ ಮಲಗಿದ್ದಾರೆ' ಅಂದ್ರು. ಆಮ್ಯಾಲೆ ತಾವೂ ಮಲಗಿದ್ರು. ಈಗ ಗುಮ್ಮಟದ ಮುಂದ ನಿಂತೇವಿ. ನಾ ಬೋರ್ಡ್ ಮ್ಯಾಲೆ ಭಾಳ ಸಣ್ಣದು ಬರೀತಿದ್ದೆ."

ವಸತಿ ಕೇಳಿ ಬರುವವರಿಗೆ ಈಗಲೂ ನಾನು ನಕ್ಷೆ, ಬಾಡಿಗೆ, ಲಿಫ್ಟು ಎಲ್ಲವನ್ನೂ ವಿವರಿಸುತ್ತೇನೆ. ಅದಕ್ಕೂ ಮೊದಲು, ನಿಮ್ಮ ಮನೆಯಲ್ಲಿ ಬೆಳಗ್ಗೆ ಏನೇನು ಕೇಳಿಸುತ್ತದೆ ಎಂದು ಕೇಳುತ್ತೇನೆ. ಹೆಚ್ಚಿನವರು ನಗುತ್ತಾರೆ. ಕೆಲವರು ಉತ್ತರಿಸುವ ಮೊದಲು ಒಂದು ಕ್ಷಣ ಕಿವಿಗೊಟ್ಟು ಕೇಳುವವರಂತೆ ಸುಮ್ಮನಾಗುತ್ತಾರೆ. ಅಂಥವರಿಗೆ ನಾನು ಅವಸರ ಮಾಡುವುದಿಲ್ಲ.