ಹೆಸರು ಬಿಟ್ಟು ಬರೆದ ಊರಿನ ಚರಿತ್ರೆ

ನಮ್ಮ ಕಟ್ಟಡದ ಮೆಟ್ಟಿಲ ಬಳಿ ಗೋಡೆಗೆ ಅಂಟಿಸಿರುವ ಸೂಚನೆಗಳನ್ನು ನೀವೊಮ್ಮೆ ಬಂದು ಓದಬೇಕು. ಈ ವಾರ ಮೆಟ್ಟಿಲು ಗುಡಿಸುವ ಸರದಿ ಯಾರದು, ಚಪ್ಪಲಿ ಎಲ್ಲಿ ಬಿಡಬಾರದು, ಬಾಳೆಹಣ್ಣಿನ ಸಿಪ್ಪೆ ಯಾವ ಬಣ್ಣದ ಡಬ್ಬಿಗೆ ಸೇರಬೇಕು ಎಂಬುದನ್ನೆಲ್ಲ ಕೆಳಗಿನ ಮನೆಯ ಫ್ರೌ ಲಾಂಗೆ ಎಂಬ ನಿವೃತ್ತ ಮೇಡಂ ಟೈಪ್ ಮಾಡಿ, ಲ್ಯಾಮಿನೇಟ್ ಮಾಡಿ, ನಾಲ್ಕು ಮೂಲೆಗೂ ಟೇಪ್ ಹಚ್ಚಿ ಅಂಟಿಸುತ್ತಾರೆ. ಒಮ್ಮೆ ಲ್ಯಾಮಿನೇಟ್ ಆದದ್ದು ಜರ್ಮನಿಯ ಈ ಯೇನಾ ಊರಿನಲ್ಲಿ ಶಿಲಾಶಾಸನವೇ ಸರಿ. ತಿದ್ದುವ ಧೈರ್ಯ ಯಾರಿಗೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಈ ಮೇಡಂಗೆ ಬೀದಿಯವರನ್ನೆಲ್ಲ ಒಂದುಗೂಡಿಸುವ ಹುಮ್ಮಸ್ಸು ಬಂತು. ನೆರೆಹೊರೆಯ ಹಬ್ಬಕ್ಕೆ ಪ್ರತಿ ಮನೆಯವರೂ ತಮ್ಮ ನಾಡಿನ ಬಗ್ಗೆ ಒಂದೇ ಒಂದು ಹಾಳೆ ಬರೆದುಕೊಡಬೇಕು, ಮೇಲೊಂದು ಬಾವುಟ, ಕೆಳಗೊಂದು ತಿಂಡಿಯ ಹೆಸರು. ತಲೆಮಾರುಗಳು ಉಂಡದ್ದು, ಅತ್ತದ್ದು, ಕಳಕೊಂಡದ್ದು ಎಲ್ಲವನ್ನೂ ಒಂದು ಬಾವುಟಕ್ಕೂ ಒಂದು ತಿಂಡಿಗೂ ಇಳಿಸಿ ಗೋಡೆಗೆ ಹಚ್ಚುವ ಈ ಕ್ರಿಯೆಗೆ ಸಂಸ್ಕೃತಿಗಳ ವಿನಿಮಯ ಎಂದು ಹೆಸರು. ನಾವೇನು ಕಡಿಮೆ? ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಭಾಷಣ ಕದಂಬರಿಂದ ಹೊರಟು ವಿಜಯನಗರ ತಲುಪುವಷ್ಟರಲ್ಲಿ ಮಕ್ಕಳು ಜರ್ಮನ್‌ನಲ್ಲಿ ಪಿಸುಗುಟ್ಟುತ್ತ ಹೊರಗೆ ಓಡಿರುತ್ತಾರೆ, ದೊಡ್ಡವರು ಬಿಸಿಬೇಳೆಬಾತಿನ ಪಾತ್ರೆಯ ಕಡೆ ಕಣ್ಣು ನೆಟ್ಟಿರುತ್ತಾರೆ. ಆ ಭಾಷಣಕಾರ ನಾನೇ. ವರ್ಷವೆಲ್ಲ ಮಸೂರಗಳ ಕಾರ್ಖಾನೆಯಲ್ಲಿ ಗಾಜಿನ ಮೇಲಿನ ಕೂದಲೆಳೆಯಷ್ಟು ಗೀರನ್ನು ಹುಡುಕುವ ಕೆಲಸ ಮಾಡುವ ನನಗೆ ಗತವೈಭವದ ಅಮಲು ಆಗಾಗ ಬೇಕಾಗುತ್ತದೆ.

ಮೂರನೆಯ ಮಹಡಿಯ ಸೋಫಿಯಾ ಅಮ್ಮನಿಗೆ ಎಪ್ಪತ್ತು ದಾಟಿದೆ. ಉಕ್ರೇನಿನ ಅಜೋವ್ ಸಮುದ್ರದ ಕಡೆಯ ಐತೋಮಾ ಎಂಬ ಹಳ್ಳಿಯವರು, ಯುದ್ಧಕ್ಕೆ ಹೆದರಿ ಓಡಿಬಂದವರು. ಹೊರಡುವ ಗಲಾಟೆಯಲ್ಲಿ ತಂಗಿ ಯೆಲೇನಾ ಬೇರೆ ಬಸ್ಸು ಹತ್ತಿದಳು, ಅಂದಿನಿಂದ ಆಕೆಯ ಫೋನು ಸತ್ತಿದೆ. ಇಲ್ಲೇ ಹತ್ತಿರದ ಯಾವುದೋ ಊರಲ್ಲಿ ಇಳಿದಳಂತೆ ಎಂದು ಯಾರೋ ಹೇಳಿದ್ದಷ್ಟೇ ಗೊತ್ತು. ಹಾಳೆ ಬರೆದುಕೊಡಿ ಎಂದು ಅವರು ನನ್ನ ಬಳಿ ಬಂದದ್ದು ಅದಕ್ಕೇ.

“ಹಬ್ಬಕ್ಕೆ ನಮ್ಮ ಜನಾನೂ ಬರ್ತಾರೆ,” ಎಂದರು, ತರಗತಿಯಲ್ಲಿ ಕಲಿತ ಅರೆಬರೆ ಜರ್ಮನ್‌ನಲ್ಲಿ. “ಊರ ಹೆಸರು ಕಂಡ್ರೆ ಯಾರಾದ್ರೂ ನಿಲ್ತಾರೆ. ತಂಗಿ ಸುದ್ದಿ ಸಿಗುತ್ತೆ.”

ಹೇಳಿ ಬರೆಸತೊಡಗಿದರು. ಚರಿತ್ರೆಗೆ ಅವರು ಖರ್ಚು ಮಾಡಿದ್ದು ನಾಲ್ಕೇ ಮಾತು. ಅವರ ಹಿರಿಯರು ಕ್ರೈಮಿಯಾದ ಗ್ರೀಕರು. ರಷ್ಯದ ಮಹಾರಾಣಿ ಅವರನ್ನು ಉದ್ಧಾರ ಮಾಡುತ್ತೇನೆಂದು ಗಾಡಿ ಕಟ್ಟಿಸಿ ಹೊರಡಿಸಿದಳು, ದಾರಿಯಲ್ಲಿ ಬಹಳ ಮಂದಿ ಸತ್ತರು, ಉಳಿದವರು ಹುಲ್ಲು ಬಿಟ್ಟರೆ ಬೇರೇನಿಲ್ಲದ ಬಯಲಲ್ಲಿ ಇಳಿದು ಬಿಟ್ಟುಬಂದ ಹಳ್ಳಿಯ ಹೆಸರನ್ನೇ ಹೊಸ ಹಳ್ಳಿಗೂ ಇಟ್ಟುಕೊಂಡರು. ಮುಂದೆ ಇನ್ನೊಬ್ಬ ದೊರೆಯ ಕಾಲಕ್ಕೆ ಗ್ರೀಕನಾಗಿರುವುದೇ ಅಪರಾಧವಾಗಿ ಅಜ್ಜನನ್ನು ಹಿಡಿದುಕೊಂಡು ಹೋದರು. ಉದ್ಧಾರಕರ ಈ ಕುಲ ಎಂದಿಗೂ ಅಳಿಯುವುದಿಲ್ಲ ನೋಡಿ. ಪರರ ಊರು ಬಿಡಿಸದೆ ಅವರಿಗೆ ಪುಣ್ಯ ಬರುವುದಿಲ್ಲ, ಪರರ ಊರು ಸುಡದೆ ಅವರಿಗೆ ಊಟ ಸೇರುವುದಿಲ್ಲ.

ಭೂಗೋಳಕ್ಕೆ ಬಂದಾಗ ಮಾತ್ರ ಸೋಫಿಯಾ ಅಮ್ಮ ನಿಲ್ಲಿಸಲೇ ಇಲ್ಲ. ಬೇಸಿಗೆಯಲ್ಲಿ ಬತ್ತುವ ಹಳ್ಳ, ಅದರ ಮೇಲಿನ ಮುರುಕು ಸೇತುವೆ, ದಾಟಿದರೆ ಬಲಕ್ಕೆ ಜೇನು ಸಾಕುವ ಸ್ತೆಪಾನನ ಮನೆ, ಕಲ್ಲಿನ ಗಿಡ್ಡ ಗೋಡೆ, ಅಕ್ರೋಟ್ ಮರ, ಸವಳು ನೀರಿನ ಬಾವಿ, ಬಾವಿಗೆ ಎದುರಾಗಿ ತಂಗಿಯ ಮನೆಯ ನೀಲಿ ಗೇಟು, ತೆಂಕಣ ಗಾಳಿ ಬೀಸಿದ ದಿನ ಒಣಹಾಕಿದ ಬಟ್ಟೆಗೆ ಹತ್ತುವ ಸಮುದ್ರದ ವಾಸನೆ. ಅವರ ಹಳ್ಳಿಯಲ್ಲಿ ಗ್ರೀಕಿನ ಮಾತು, ಮುಂದಿನ ಹಳ್ಳಿಯ ಗ್ರೀಕರದು ತುರ್ಕಿಯಂಥ ಮಾತು, ಎರಡು ಹಳ್ಳಿಗೂ ದೇವರು ಒಬ್ಬನೇ. ಎರಡು ಪುಟ ತುಂಬಿತು.

ನಾನು ಅದನ್ನೆಲ್ಲ ಹೊಡೆದುಹಾಕಿದೆ. ಸ್ತೆಪಾನನ ಜೇನು ಯಾರಿಗೆ ಬೇಕು? ಪ್ರಾಚೀನ ಗ್ರೀಸಿನ ಹಡಗುಗಳಿಂದ ಶುರುಮಾಡಿ, ಮಹಾರಾಣಿಯನ್ನು ನಡುಮಧ್ಯಕ್ಕೆ ತಂದು ಕೂರಿಸಿ, ಅನಾದಿ, ಅಮರ, ಅಪ್ರತಿಮ ಎಂಬುದಕ್ಕೆಲ್ಲ ತೂಕದ ಜರ್ಮನ್ ಪದಗಳನ್ನು ಹುಡುಕಿ ಪೋಣಿಸಿದೆ. ಅದೇ ಹೆಸರಿನ ಊರು ಕ್ರೈಮಿಯಾದಲ್ಲೂ ಇದ್ದುದರಿಂದ ಓದುವವರಿಗೆ ಗೊಂದಲವಾದೀತೆಂದು ಐತೋಮಾ ಎಂಬುದನ್ನೂ ತೆಗೆದು, ‘ಅಜೋವ್ ತೀರದ ಒಂದು ಗ್ರೀಕ್ ಹಳ್ಳಿ’ ಎಂದು ಬರೆದೆ. ಪಾಂಡಿತ್ಯ ಎಂದರೆ ಇದೇ.

“ರೀ, ಪಾಪ ಅವರು ಹೇಳಿದ್ದನ್ನ ಹೇಳಿದ್ ಹಾಗೇ ಬರ್ಕೊಡಿ. ಅವರಿಗೆ ಬೇಕಾಗಿರೋದು ತಂಗಿ, ನಿಮ್ಮ ಲಿಟರೇಚರ್ ಅಲ್ಲ,” ಎಂದಳು ನನ್ನ ಹೆಂಡತಿ.

“ಒಂದು ಫ್ಲೋ ಬೇಕು ಕಣೇ, ನಿಂಗೆ ಗೊತ್ತಾಗಲ್ಲ.”

ಫ್ರೌ ಲಾಂಗೆಗೆ ಹಾಳೆ ಬಲು ಹಿಡಿಸಿತು. ಗ್ರೀಸೋ ಉಕ್ರೇನೋ, ಬಾವುಟ ಒಂದೇ ಇರಬೇಕು ಎಂದು ತಕರಾರು ತೆಗೆದು, ಕೊನೆಗೆ ತಾವೇ ಉಕ್ರೇನಿನದನ್ನು ಅಂಟಿಸಿ, ಪಕ್ಕದಲ್ಲಿ ಯಾರೂ ಕೇಳದ ಒಂದು ಸೂರ್ಯಕಾಂತಿಯನ್ನೂ ಅರಳಿಸಿದರು. ಉದ್ದುದ್ದ ಪದಗಳ ಮೇಲೆ ಬೆರಳಾಡಿಸುತ್ತ ಸೋಫಿಯಾ ಅಮ್ಮ, ಎಲ್ಲ ಇದೆ ತಾನೆ ಎಂದು ಕೇಳಿದರು. ಎಲ್ಲ ಇದೆ ಎಂದೆ.

ಹಬ್ಬದ ಮಧ್ಯಾಹ್ನ ಸೋಫಿಯಾ ಅಮ್ಮ ಸಿಹಿಗುಂಬಳ ತುಂಬಿ ಬೇಯಿಸಿದ ರೊಟ್ಟಿಯ ಇನ್ನೊಂದು ತಟ್ಟೆ ತರಲು ಮನೆಗೆ ಹೋಗಿದ್ದಾಗ ಒಬ್ಬ ಹೆಂಗಸು ಆ ಹಾಳೆಯ ಮುಂದೆ ನಿಂತಳು.

“ಗ್ರೀಕ್ ಹಳ್ಳಿ ಅಂತಿದೆ. ಯಾವ್ದು?” ಎಂದಳು ಅಂಥದೇ ಅರೆಬರೆ ಜರ್ಮನ್‌ನಲ್ಲಿ.

ಓದುವವರೊಬ್ಬರು ಸಿಕ್ಕ ಖುಷಿಯಲ್ಲಿ ನಾನು ಹಡಗುಗಳಿಂದ ಆರಂಭಿಸಿದೆ.

“ಅಲ್ಲಿ ಅಂಥ ಹಳ್ಳಿ ಬೇಕಾದಷ್ಟಿವೆ. ನಾನೂ ಆ ಕಡೆಯವಳೇ. ಯಾವ ಹಳ್ಳಿ, ಹೇಳಿ?”

ಮೂರು ಅಕ್ಷರದ ಹೆಸರು ನಾಲಿಗೆಗೆ ಬರಲಿಲ್ಲ. ತೆಗೆದುಹಾಕಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವಮಾನ ಮುಚ್ಚಿಕೊಳ್ಳಲು, ಹೆಸರಿಗಿಂತ ಚರಿತ್ರೆ ಮುಖ್ಯ ಎಂದು ಹೇಳಿ ಮಹಾರಾಣಿಯ ಪ್ರಸಂಗಕ್ಕೆ ಹೊರಳಿದೆ. ಐದು ನಿಮಿಷ ನಿಂತರೆ ಆ ಊರಿನವರೇ ಬರುತ್ತಾರೆ ಎನ್ನುವುದೂ ಹೊಳೆಯಲಿಲ್ಲ, ಅಷ್ಟು ರಂಗೇರಿತ್ತು ಮಾತು. ಆಕೆ ಹಾಳೆಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೂ ಓದಿ, ಟ್ರಾಮ್ ಬಂತೆಂದು ಹೊರಟುಹೋದಳು.

ಸೋಫಿಯಾ ಅಮ್ಮ ಬಂದೊಡನೆ, ನಿಮ್ಮ ಕಡೆಯವರೊಬ್ಬರು ಬಂದಿದ್ದರು, ನನ್ನ ಬರಹವನ್ನು ಎರಡು ಸಲ ಓದಿದರು ಎಂದು ಹೆಮ್ಮೆಯಿಂದಲೇ ತಿಳಿಸಿದೆ. ಅವರು ತಟ್ಟೆಯನ್ನು ಕೆಳಗಿಡಲಿಲ್ಲ.

“ಎತ್ತರ ಇದ್ಳಾ? ಕಣ್ಣು ಯಾವ ಬಣ್ಣ? ಗದ್ದದ ಮೇಲೆ ಸುಟ್ಟ ಕಲೆ ಇತ್ತಾ?”

ನಾನು ಆ ಹೆಂಗಸಿನ ಎದುರು ನಿಂತು ಹತ್ತು ನಿಮಿಷ ಮಾತಾಡಿದ್ದೆ. ಮುಖ ನೋಡಿರಲಿಲ್ಲ.